ಹಳೆಯ ಹಾಯಿದೋಣಿಯನ್ನು ಕೊಳೆಸುವುದು ಸಮುದ್ರವಲ್ಲ

ಲಾಸ್ ಏಂಜಲೀಸ್‌ನಿಂದ ಹೊನೊಲುಲುವಿಗೆ ಸುಮಾರು 2,225 ನಾಟಿಕಲ್ ಮೈಲಿ ಓಡುವ ಟ್ರಾನ್ಸ್‌ಪ್ಯಾಕ್ ಪಂದ್ಯವನ್ನು 2013ರಲ್ಲಿ ಗೆದ್ದದ್ದು ‘ಡೊರೇಡ್’ ಎಂಬ 52 ಅಡಿಯ ಮರದ ದೋಣಿ. ಅದು ನೀರಿಗಿಳಿದದ್ದು 1930ರಲ್ಲಿ. ಅದರ ನಕ್ಷೆ ಬರೆಯುವಾಗ ಓಲಿನ್ ಸ್ಟೀಫನ್ಸ್‌ಗೆ 21ರ ಪ್ರಾಯ. ಇದೇ ಪಂದ್ಯವನ್ನು ಅದು 1936ರಲ್ಲೂ ಗೆದ್ದಿತ್ತು. ಎರಡು ಗೆಲುವುಗಳ ನಡುವೆ 77 ವರ್ಷ! ಆಸ್ಟ್ರೇಲಿಯಾದಲ್ಲೂ ಇಂಥದೊಂದು ದೋಣಿ ಇದೆ: ಸಿಡ್ನಿ-ಹೋಬಾರ್ಟ್ ಪಂದ್ಯವನ್ನು 1974, 1978 ಮತ್ತು 2006ರಲ್ಲಿ ಗೆದ್ದ ‘ಲವ್ ಆ್ಯಂಡ್ ವಾರ್’. ಆದರೂ ಹಳೆ ದೋಣಿ ನೋಡಲು ಚೆಂದ, ಪಂದ್ಯಕ್ಕಲ್ಲ ಎಂಬ ಮಾತು ಎಲ್ಲ ಬಂದರುಗಳಲ್ಲೂ ಕೇಳಿಬರುತ್ತದೆ.

ಗೆದ್ದದ್ದು ಎಂದರೆ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ್ದು ಎಂದಲ್ಲ. 2013ರಲ್ಲಿ ದೊಡ್ಡ, ಹೊಸ ದೋಣಿಗಳು ಡೊರೇಡ್‌ಗಿಂತ ಮೊದಲೇ ತಲುಪಿದ್ದವು. ಇಂಥ ಪಂದ್ಯಗಳಲ್ಲಿ ಪ್ರತಿ ದೋಣಿಗೂ ಅದರ ಉದ್ದ, ತೂಕ, ಹಾಯಿಯ ವಿಸ್ತಾರ ಮುಂತಾದವನ್ನು ನೋಡಿ ಒಂದು ರೇಟಿಂಗ್ ಕೊಡುತ್ತಾರೆ; ಓಡಿದ ಸಮಯವನ್ನು ಅದರಿಂದ ತಿದ್ದಿ ಫಲಿತಾಂಶ ಹೇಳುತ್ತಾರೆ. ಅಮೆರಿಕದ ಕ್ಲಬ್ಬುಗಳಲ್ಲಿ ಬಳಕೆಯಲ್ಲಿರುವ ಪಿಎಚ್‌ಆರ್‌ಎಫ್ ಪದ್ಧತಿಯಲ್ಲಿ ಲೆಕ್ಕ ಬಹಳ ಸರಳ. ಒಂದು ದೋಣಿಯ ರೇಟಿಂಗ್ 180, ಇನ್ನೊಂದರದ್ದು 120 ಆಗಿದ್ದರೆ ಮೈಲಿಗೆ 60 ಸೆಕೆಂಡಿನ ಅಂತರ. ಹತ್ತು ಮೈಲಿಯ ಓಟದಲ್ಲಿ 120 ರೇಟಿಂಗ್‌ನ ವೇಗದ ದೋಣಿ ಹತ್ತು ನಿಮಿಷಕ್ಕಿಂತ ಹೆಚ್ಚು ಮುಂದಿದ್ದರಷ್ಟೇ ಗೆದ್ದಂತೆ.

ಇದನ್ನು ಹಳಬರ ಮೇಲಿನ ಕರುಣೆ ಎಂದುಕೊಳ್ಳುವವರಿದ್ದಾರೆ. ಹಾಗೇನೂ ಇಲ್ಲ. ದೋಣಿಯ ತಳ ನುಣುಪಾಗಿದೆ, ಹಾಯಿ ಗಟ್ಟಿಯಾಗಿದೆ ಎಂದು ನಂಬಿಕೊಂಡೇ ರೇಟಿಂಗ್ ಕೊಡುವುದು. ತಳಕ್ಕೆ ಪಾಚಿ ಮತ್ತು ಚಿಪ್ಪುಜೀವಿಗಳು ಅಂಟಿದ್ದರೆ ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಆದ್ದರಿಂದ ಹಳೆ ದೋಣಿಯವನ ಪಂದ್ಯ ದೋಣಿ ದಡದಲ್ಲಿರುವಾಗಲೇ ಅರ್ಧ ಮುಗಿದಿರುತ್ತದೆ. ದಡದ ಕೆಲಸದ ಬಗ್ಗೆಯೇ ತಪ್ಪು ನಂಬಿಕೆಗಳು ಹೆಚ್ಚು.

ಉಪ್ಪುನೀರು ಮರವನ್ನು ಕೊಳೆಸುತ್ತದೆ ಎಂಬುದು ಅವುಗಳಲ್ಲಿ ಮೊದಲನೆಯದು. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವ ಬೇಕು, ಗಾಳಿ ಬೇಕು, ಉಪ್ಪು ಮಾತ್ರ ಆಗದು. 19ನೇ ಶತಮಾನದ ಅಮೆರಿಕದ ಹಡಗು ಕಟ್ಟುವವರು ಪಕ್ಕೆಲುಬುಗಳ ನಡುವಿನ ಜಾಗಕ್ಕೆ ಕಲ್ಲುಪ್ಪು ತುಂಬುತ್ತಿದ್ದದ್ದು ಇದೇ ಕಾರಣಕ್ಕೆ. ಸದಾ ಮುಳುಗಿರುವ ಹಲಗೆಗಿಂತ ಡೆಕ್ಕಿನ ಕೆಳಗಿನ ತೊಲೆ ಬೇಗ ಲಡ್ಡಾಗುತ್ತದೆ; ಅಲ್ಲಿಗೆ ಇಳಿಯುವುದು ಮಳೆನೀರು. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಇದೆ, ನಿಜ. ಅದಕ್ಕೆ ತಾಮ್ರದ ಅಂಶವಿರುವ ಬಣ್ಣವೇ ಮದ್ದು. ಕರಾವಳಿಯ ಮೀನುಗಾರರು ತಮ್ಮ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಲ್ಲ, ಆ ರೂಢಿಯ ಹಿಂದೆಯೂ ಮರದ ಬಗೆಗಿನ ದೊಡ್ಡ ತಿಳಿವಳಿಕೆ ಇದೆ.

ಇದರ ಜತೆಗೇ ಬರುವ ಇನ್ನೊಂದು ಭ್ರಮೆ, ದೋಣಿಯನ್ನು ದಡಕ್ಕೆ ಎಳೆದು ಇಟ್ಟರೆ ಅದು ಕ್ಷೇಮ ಎಂಬುದು. ಮರದ ದೋಣಿ ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿದರೆ ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಮತ್ತೆ ನೀರಿಗಿಳಿಸಿದಾಗ ಮರ ನೀರು ಕುಡಿದು ಉಬ್ಬಿ ಸಂದು ಮುಚ್ಚುವವರೆಗೂ ಪಂಪು ನಿಲ್ಲಿಸುವ ಹಾಗಿಲ್ಲ.

ಫೈಬರ್‌ಗ್ಲಾಸ್ ದೋಣಿಯಾದರೆ ಈ ಯಾವ ತಾಪತ್ರಯವೂ ಇಲ್ಲ ಅನ್ನುವವರ ಮಾತು ಅರ್ಧ ಸತ್ಯ. 1960 ಮತ್ತು 70ರ ದಶಕದ ಅನೇಕ ದೋಣಿಗಳ ಮೈ ದಪ್ಪ, ಇವತ್ತಿಗೂ ಭದ್ರ. ತಳದಲ್ಲಿ ಏಳುವ ಸಣ್ಣ ಬೊಬ್ಬೆಗಳನ್ನು ಕಂಡು ಕೊಳ್ಳುವವರು ಹೆದರಿ ಹಿಂದೆ ಸರಿಯುತ್ತಾರೆ. ಹೆಚ್ಚಿನವು ಮೇಲ್ಮೈಯ ತೊಂದರೆಯಷ್ಟೇ. ಹೆದರಬೇಕಾದ ಜಾಗ ಡೆಕ್. ಡೆಕ್ಕನ್ನು ಹಗುರವಾಗಿಡಲು ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರವನ್ನು ಕೂರಿಸುತ್ತಿದ್ದರು. ಕಾಲಾಂತರದಲ್ಲಿ ಒಬ್ಬೊಬ್ಬ ಮಾಲೀಕ ಒಂದೊಂದು ಸಾಮಾನು ಬಿಗಿಯಲು ತೂತು ಕೊರೆದಿರುತ್ತಾನೆ. ಅಂಥ ಒಂದೇ ತೂತಿನ ಅಂಟು ಬಿಟ್ಟರೂ ಸಾಕು, ಮಳೆನೀರು ಒಳಗೆ ನುಗ್ಗಿ ಬಾಲ್ಸಾ ಮೆತ್ತಗಾಗುತ್ತದೆ. ಮೇಲಿನಿಂದ ಏನೂ ಕಾಣದು. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರನ್ನು ತಿರುಗಿಸಿ ಹಿಡಿದು ಡೆಕ್ಕಿನ ಮೇಲೆ ಅಂಗುಲ ಅಂಗುಲಕ್ಕೂ ತಟ್ಟುತ್ತಾ ಹೋಗಬೇಕು. ಗಟ್ಟಿ ಇರುವಲ್ಲಿ ‘ಟಕ್’ ಎಂಬ ಚುರುಕು ಸದ್ದು. ಕೊಳೆತಲ್ಲಿ ‘ದಬ್’ ಎಂಬ ಮಂಕು ಸದ್ದು. ಹೊಸದಾಗಿ ಏನನ್ನಾದರೂ ಬಿಗಿಯುವುದಿದ್ದರೆ ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಬೇಕು. ಆಗ ನೀರು ಸೋರಿದರೂ ಬಾಲ್ಸಾವನ್ನು ಮುಟ್ಟುವುದಿಲ್ಲ. ಒಂದು ಸಂಜೆ ಹೆಚ್ಚು ಹಿಡಿಯುವ ಈ ಕೆಲಸ ಡೆಕ್ಕಿನ ಆಯುಸ್ಸನ್ನೇ ಹೆಚ್ಚಿಸುತ್ತದೆ.

ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ, ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು. ಅದನ್ನು ಕಾಯುವುದು ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳುಪರೆ. ಆ ಪರೆ ಹರಿದಾಗ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ದೋಣಿಯ ಮೈಗೆ ಕಟ್ಟುವ ಉಕ್ಕಿನ ಪಟ್ಟಿ, ಚೈನ್‌ಪ್ಲೇಟ್, ಡೆಕ್ಕನ್ನು ತೂರಿ ಕೆಳಗಿಳಿಯುವ ಜಾಗದಲ್ಲಿ ಉಪ್ಪುನೀರು ನಿಲ್ಲುತ್ತದೆ, ಗಾಳಿಯಾಡುವುದಿಲ್ಲ. ಅಲ್ಲಿ ಉಕ್ಕು ಒಳಗೊಳಗೇ ಹುಣ್ಣಾಗುತ್ತದೆ. ಮೇಲೆ ಕಾಣುವ ಗುರುತು ಚಹಾ ಬಣ್ಣದ ಒಂದು ಕಲೆ ಮಾತ್ರ. ಆ ಕಲೆಯನ್ನು ಉಜ್ಜಿ ಹೊಳಪು ಕೊಟ್ಟು ಸುಮ್ಮನಾಗುವುದು ಆತ್ಮವಂಚನೆ. ಪಟ್ಟಿಯನ್ನು ಹೊರಗೆಳೆದೇ ನೋಡಬೇಕು. ತಂತಿಯದೂ ಇದೇ ಕಥೆ. ಹತ್ತೊಂಬತ್ತು ಎಳೆಗಳ ತಂತಿಯಲ್ಲಿ ಮೊದಲ ಎಳೆ ತುಂಡಾಗುವುದು ಸಾಮಾನ್ಯವಾಗಿ ತುದಿಯ ಲೋಹದ ತೋಳಿನೊಳಗೆ ಅದು ಹೊಕ್ಕುವ ಕಡೆ. ಹತ್ತಿಯ ಉಂಡೆಯೊಂದನ್ನು ಹಿಡಿದು ತಂತಿಯುದ್ದಕ್ಕೂ ಸವರಿದರೆ ಮುರಿದ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಎಲ್ಲ ತಂತಿ ಬದಲಿಸುವ ರೂಢಿ ಇರುವುದು ಸುಮ್ಮನೆ ಅಲ್ಲ, ಪಂದ್ಯದ ನಡುವೆ ಹಾಯಿಕಂಬ ಮುರಿದರೆ ಹೋಗುವುದು ಬಹುಮಾನ ಮಾತ್ರವಲ್ಲ.

ಕೇರಳ ಮೂಲದ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಇದನ್ನು ಸ್ವತಃ ಅನುಭವಿಸಿದವರು. 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, ಹಿಂದೂ ಮಹಾಸಾಗರದ ಬಿರುಗಾಳಿಗೆ ಅವರ ದೋಣಿಯ ಹಾಯಿಕಂಬ ಮುರಿದು, ಬೆನ್ನಿಗೆ ತೀವ್ರ ಗಾಯವಾಗಿತ್ತು. ಒಬ್ಬರೇ ಭೂಮಿಯನ್ನು ಸುತ್ತಬೇಕಾದ ಈ ಪಂದ್ಯಕ್ಕೆ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳಿಗಷ್ಟೇ ಪ್ರವೇಶ. 2022ರಲ್ಲಿ ಅವರು ಮತ್ತೆ ಹೊರಟರು, ಈ ಬಾರಿ ರಸ್ಲರ್ 36 ಎಂಬ ಹಳೆ ವಿನ್ಯಾಸದ ಫೈಬರ್ ದೋಣಿಯಲ್ಲಿ. 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

ಹರಿಯದ ಹಾಯಿ ಒಳ್ಳೆಯ ಹಾಯಿ ಎಂಬ ಮಾತನ್ನೂ ಬಿಡಬೇಕು. ಪಾಲಿಯೆಸ್ಟರ್ ಬಟ್ಟೆ ಬಿಸಿಲಿಗೆ, ಗಾಳಿಯ ಎಳೆತಕ್ಕೆ ವರ್ಷ ಕಳೆದಂತೆ ಜಗ್ಗಿ ಹೊಟ್ಟೆ ಬಿಡುತ್ತದೆ. ಹಾಯಿಯ ಆಳ ಮುಂಭಾಗದಲ್ಲಿರಬೇಕಾದದ್ದು ಹಿಂದಕ್ಕೆ ಸರಿಯುತ್ತದೆ. ಆಗ ಗಾಳಿಯ ಬಲ ದೋಣಿಯನ್ನು ಮುಂದೆ ಒಯ್ಯುವ ಬದಲು ಪಕ್ಕಕ್ಕೆ ಓರೆ ಮಾಡುತ್ತದೆ. ಓರೆಯಾದ ದೋಣಿ ನೋಡುವವರಿಗೆ ಭಾರೀ ವೇಗದಲ್ಲಿರುವಂತೆ ಕಾಣುತ್ತದೆ, ಛಾಯಾಚಿತ್ರಕ್ಕೂ ಚೆನ್ನಾಗಿರುತ್ತದೆ. ಅಸಲಿಗೆ ಅದು ಅಡ್ಡಡ್ಡ ಜಾರುತ್ತಿರುತ್ತದೆ, ಚುಕ್ಕಾಣಿಯವನು ಅದನ್ನು ಸರಿದಾರಿಗೆ ತರಲು ಹೆಣಗುತ್ತಿರುತ್ತಾನೆ. ತಿರುಗಿಸಿ ಹಿಡಿದ ಚುಕ್ಕಾಣಿ ನೀರಿನಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಭಾರದ ಹಳೆ ದೋಣಿಯ ವೇಗಕ್ಕೆ ಒಂದು ಸಹಜ ಮಿತಿಯೂ ಇದೆ: ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ಗಳಲ್ಲಿ ಅಂದಾಜು ಸಿಗುತ್ತದೆ. 25 ಅಡಿಗೆ 6.7 ನಾಟ್. ಅಲೆಯ ಇಳಿಜಾರು ಸಿಗದ ಹೊರತು ಅದನ್ನು ಮೀರಲು ಎಷ್ಟು ಹಾಯಿ ಬಿಚ್ಚಿದರೂ ಪ್ರಯೋಜನ ಕಡಿಮೆ. ಗಾಳಿ ಏರಿದಾಗ ಹಾಯಿಯನ್ನು ಸ್ವಲ್ಪ ಮಡಿಸಿ ದೋಣಿಯನ್ನು ನೆಟ್ಟಗೆ ಮಾಡಿದವರೇ ಬಹುಪಾಲು ಮುಂದಾಗುತ್ತಾರೆ.

ಹಳೆ ದೋಣಿ ಕೊಂಡವರು ಸಾಮಾನ್ಯವಾಗಿ ಮೊದಲ ದುಡ್ಡನ್ನು ಬಣ್ಣಕ್ಕೆ, ದಿಂಬುಗಳಿಗೆ, ಹೊಸ ಪರದೆಯ ಉಪಕರಣಗಳಿಗೆ ಸುರಿಯುತ್ತಾರೆ. ನನ್ನನ್ನು ಕೇಳಿದರೆ ಮೊದಲು ಚೈನ್‌ಪ್ಲೇಟ್ ಮತ್ತು ತಂತಿ, ಆಮೇಲೆ ಡೆಕ್ಕಿನ ಸೋರುವ ತೂತುಗಳು, ನಂತರ ಒಂದು ಒಳ್ಳೆಯ ಹಾಯಿ ಎನ್ನುತ್ತೇನೆ. ತಳ ಉಜ್ಜುವುದಕ್ಕೆ ದುಡ್ಡಿಗಿಂತ ತೋಳು ಮುಖ್ಯ. ಪಂದ್ಯದ ಹಿಂದಿನ ದಿನ ನೀರಿಗಿಳಿದು ಒಂದು ಗಂಟೆ ಉಜ್ಜಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬಣ್ಣ ಮುಂದಿನ ವರ್ಷಕ್ಕಿರಲಿ.