ಜಾತ್ರೆಯ ಲೋಟ

ದಾಬಸ್‌ಪೇಟೆಯ ಸಮೀಪದಲ್ಲಿರುವ ಶಿವಗಂಗೆ ಬೆಟ್ಟದಲ್ಲಿ ಸಂಕ್ರಾಂತಿಯ ಕಾಲಕ್ಕೆ ಗಂಗಾಧರೇಶ್ವರನ ಜಾತ್ರೆ ನೆರೆಯುತ್ತದೆ. ಬೆಟ್ಟ ಹತ್ತಿ ದಣಿದವರಿಗೆ ನೀರು ಮಜ್ಜಿಗೆ ಕೊಡುವುದು ಪುಣ್ಯವೆಂದು ಹಿರಿಯರು ಬಗೆದರು. ಆದರೆ ಅದನ್ನು ಯಾವ ಲೋಟದಲ್ಲಿ ಕೊಡಬೇಕು?

ಪ್ಲಾಸ್ಟಿಕ್ ಲೋಟದ ಬಳಕೆ ಒಂದು ಗಳಿಗೆಯದು. ಅದರ ಕಸವಾದರೋ ತಲೆಮಾರುಗಳದು. ಕರ್ನಾಟಕವು ಅದನ್ನು 2016ರಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಜಾರಿಗೆ ಬಂದಿತು. ಹಾಗಾದರೆ ಕಾಗದದ ಲೋಟ ನಿರಪಾಯವೆ? ಅದು ನೆನೆಯದಂತೆ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನೇ ಹಚ್ಚಿರುತ್ತಾರೆ. ಮಣ್ಣಿನ ಕುಡಿಕೆ ವಿಷವಲ್ಲ, ನಿಜ. ಆದರೆ ಅದನ್ನು ಸುಡಲು ಸೌದೆ ಬೇಕು. ಸುಟ್ಟ ಮಣ್ಣು ಮರಳಿ ಮಣ್ಣಾಗುವುದೂ ಸುಲಭವಲ್ಲ. ಸಾವಿರಾರು ವರ್ಷಗಳ ಹಿಂದಿನ ಮಡಕೆಚೂರುಗಳು ಇಂದಿಗೂ ಉತ್ಖನನಗಳಲ್ಲಿ ದೊರೆಯುತ್ತವೆ.

ಉಕ್ಕಿನ ಲೋಟದ ತಯಾರಿಕೆಗೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಆದರೆ ಆ ವೆಚ್ಚವು ನೂರಾರು ಸಲದ ಬಳಕೆಯಲ್ಲಿ ಹಂಚಿಹೋಗುತ್ತದೆ. ತೊಳೆಯಲು ತುಸು ನೀರು ಸಾಕು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯು ಸಮಾರಂಭಗಳಿಗೆ ತಟ್ಟೆ ಲೋಟಗಳನ್ನು ಎರವಲು ಕೊಡುವ 'ತಟ್ಟೆ ಬ್ಯಾಂಕ್' ನಡೆಸಿದೆ. ಊರಿಗೊಂದು ಇಂತಹ ಭಂಡಾರವಿದ್ದರೆ ಜಾತ್ರೆಯ ಮರುದಿನವೂ ಬೆಟ್ಟ ಶುಭ್ರವಾಗಿರುತ್ತದೆ.

ಲೋಟ ಯಾವುದರಿಂದ ಆಯಿತೆಂಬುದಕ್ಕಿಂತ ಎಷ್ಟು ಸಲ ಬಳಕೆಯಾಯಿತೆಂಬುದು ಮುಖ್ಯ. ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದ ಅಜ್ಜಿಯರ ಕೈಯ ಲೋಟ ಈ ಪಾಠವನ್ನು ಎಂದೋ ಹೇಳಿತ್ತು.