ಗಾಜಿನ ಕಪಾಟಿನ ಕೋವಿ: ಬೆಲೆಚೀಟಿಗಿಂತ ಮೊದಲು ಓದಬೇಕಾದ ಕಾಗದಗಳು

ಆಯುಧಪೂಜೆ ಕಳೆದ ಕೆಲವು ದಿನಗಳಲ್ಲಿ, ಹದಿನಾರು ಕಡೆಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ತಮ್ಮ ರಿಟರ್ನ್ಸ್ ಕೆಲಸಕ್ಕಾಗಿ ನನ್ನ ಕಚೇರಿಗೆ ಬಂದಿದ್ದರು. ಕೆಲಸ ಮುಗಿದು ಏಳುವ ಹೊತ್ತಿಗೆ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅದು ನಗರದ ಒಂದು ಕೋವಿ ಅಂಗಡಿಯ ಅಂದಾಜು ಪಟ್ಟಿ. 12 ಬೋರಿನ ಜೋಡಿ ನಳಿಗೆಯ ಕೋವಿ, ಪಕ್ಕದಲ್ಲಿ ‘ಡಿಸ್‌ಪ್ಲೇ ಪೀಸ್’ ಎಂಬ ಷರಾ, ಹೊಸದರ ಬೆಲೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ದರ, ಕೆಳಗೆ ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ’ ಎಂಬ ಮೊಹರು. ಕಬ್ಬಿನ ಗದ್ದೆಗೆ ಹಂದಿಗಳ ಕಾಟವೆಂದು ಅವರು ಅರ್ಜಿ ಹಾಕಿ, ಬಹಳ ಕಾಲ ಕಾದು, ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದಿದ್ದರು. ಇಪ್ಪತ್ತು ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟಾಗಿತ್ತು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಬಿಲ್ಲನ್ನು ಮಿಲ್ಲಿನ ಹೆಸರಿಗೆ ಮಾಡಿಸಬಹುದೇ?”

ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಅಂದು ಎರಡು ಗಂಟೆ ಹಿಡಿಯಿತು. ನಮ್ಮ ವರ್ತಕ ಬಂಧುಗಳಲ್ಲಿ ಜಮೀನುಳ್ಳವರು ಹಲವರಿದ್ದಾರೆ. ಷೋರೂಮಿನಲ್ಲಿ ಪ್ರದರ್ಶನಕ್ಕಿಟ್ಟ ಮಾಲನ್ನು ವರ್ಷಕ್ಕೊಮ್ಮೆ ಕಡಿಮೆ ದರಕ್ಕೆ ಮಾರುವವರು ಇನ್ನೂ ಹೆಚ್ಚು. ಇಬ್ಬರಿಗೂ ಉಪಯೋಗವಾದೀತೆಂದು ಆ ಮಾತುಕತೆಯ ಸಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹದಿನಾರು ಎಂಬ ಹೆಸರು ಮೈಸೂರು ಒಡೆಯರ ಮೂಲಕಥೆಯಲ್ಲಿ ಬರುತ್ತದೆ. 1399ರಲ್ಲಿ ಯದುರಾಯರು ಹದಿನಾಡಿನ ರಾಜಕುಮಾರಿಯನ್ನು ಕಾರುಗಹಳ್ಳಿಯ ಮಾರನಾಯಕನಿಂದ ಕಾಪಾಡಿದರೆಂಬುದು ಪರಂಪರೆಯಿಂದ ಬಂದ ಕಥೆ. ಅಂದು ಆಯುಧ ಹಿಡಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲವೆಂದು ನಮ್ಮ ಗಿರಣಿ ಮಾಲೀಕರು ನಕ್ಕರು. ಇಂದು ಕೋವಿಯನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ಮಾರಾಟಕ್ಕೆಂದು ಗಾಜಿನ ಹಿಂದೆ ಇಡುವುದಕ್ಕೂ ಅಪ್ಪಣೆ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆ ಮತ್ತು ಮಾರಾಟದ ಜೊತೆಗೆ ‘ಮಾರಾಟಕ್ಕಾಗಿ ಪ್ರದರ್ಶಿಸುವುದು’ ಎಂಬುದನ್ನೂ ಪ್ರತ್ಯೇಕವಾಗಿ ಹೆಸರಿಸಿದೆ. ಟೆಲಿವಿಷನ್ ಅಥವಾ ಮಿಕ್ಸರ್ ಅಂಗಡಿಯಲ್ಲಿ ಪ್ರದರ್ಶನವೆಂಬುದು ಕೇವಲ ವ್ಯಾಪಾರದ ಉಪಾಯ. ಕೋವಿ ಅಂಗಡಿಯಲ್ಲಿ ಅದೇ ಪರವಾನಗಿ ಬೇಡುವ ಒಂದು ಕಾರ್ಯ.

ಆದುದರಿಂದ ‘ಡಿಸ್‌ಪ್ಲೇ ಪೀಸ್’ ಎಂಬ ಮಾತು ಕೋವಿಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಕಪಾಟಿನಲ್ಲಿ ಅಕ್ಕಪಕ್ಕ ನಿಂತ ನಾಲ್ಕು ಕೋವಿಗಳ ಹಿಂದೆ ನಾಲ್ಕು ಬಗೆಯ ಒಡೆತನ ಇರಬಹುದು. ಒಂದು, ವರ್ತಕನೇ ತಯಾರಕರಿಂದ ಕೊಂಡು, ಗಿರಾಕಿಗಳಿಗೆ ತೋರಿಸಲೆಂದು ಇಟ್ಟ ಹೊಸ ಮಾಲು. ಎರಡನೆಯದು ಪರವಾನಗಿದಾರನೊಬ್ಬ ಮಾರಿಕೊಡಿರೆಂದು ಒಪ್ಪಿಸಿದ್ದು. ಮೂರನೆಯದು ಮಾರಾಟಕ್ಕೇ ಬಂದದ್ದಲ್ಲ, ಠೇವಣಿಯಾಗಿ ಬಂದದ್ದು. ನಾಲ್ಕನೆಯದು ಕೆಟ್ಟು ನಿಂತು, ಕೇವಲ ಅಲಂಕಾರಕ್ಕೆ ಉಳಿದದ್ದು.

ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಪಾಯವಿರುವುದು ಅಲ್ಲಿಯೇ. ಪರವಾನಗಿದಾರರು ತೀರಿಕೊಂಡರೆ, ಅಥವಾ ಪರವಾನಗಿಯ ಅವಧಿ ಮುಗಿದರೆ, ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನುಬಾಹಿರವಾಗುತ್ತದೆ. ಆಗ 21ನೇ ಕಲಮಿನ ಪ್ರಕಾರ ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವರ್ತಕನಲ್ಲಿ ಒಪ್ಪಿಸಬೇಕು. ಒಪ್ಪಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ನಿಗದಿತ ಅವಧಿಯೊಳಗೆ ಅರ್ಹತೆ ಪಡೆದು ಹಿಂದಕ್ಕೆ ತೆಗೆದುಕೊಳ್ಳುವ ಹಕ್ಕು, ಇಲ್ಲವೇ ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ಒಪ್ಪಿಸಿದವರಿಗೋ ಅವರ ವಾರಸುದಾರರಿಗೋ ಇರುತ್ತದೆ. 2019ರ ತಿದ್ದುಪಡಿ ಇಂತಹ ಠೇವಣಿಗೆ ಇನ್ನೊಂದು ಕಾರಣವನ್ನು ಸೇರಿಸಿತು. ಆ ವರ್ಷದ ಡಿಸೆಂಬರ್ 14ರಿಂದ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮೂರು ಇದ್ದವರು ಒಂದು ವರ್ಷದೊಳಗೆ ಒಂದನ್ನು ಒಪ್ಪಿಸಬೇಕಾಯಿತು. ಚುನಾವಣೆಯ ಕಾಲದಲ್ಲಿ ಜಿಲ್ಲಾಡಳಿತದ ಆದೇಶದಂತೆ ಬರುವ ತಾತ್ಕಾಲಿಕ ಠೇವಣಿಗಳು ಬೇರೆ. ಕಪಾಟಿಗೆ ಬಂದ ಮೇಲೆ ಎಲ್ಲ ಕೋವಿಗಳೂ ಒಂದೇ ರೀತಿ ಕಾಣುತ್ತವೆ.

ನಾನು ಗಿರಣಿ ಮಾಲೀಕರಿಗೆ ಹೇಳಿದ್ದಿಷ್ಟೆ: ನಳಿಗೆಯ ಮೇಲಿನ ಸಂಖ್ಯೆಯನ್ನು ಸ್ವತಃ ಓದಿ ಬರೆದುಕೊಳ್ಳಿ. ಆ ಸಂಖ್ಯೆ ಅಂಗಡಿಯ ದಾಸ್ತಾನು ಪುಸ್ತಕದಲ್ಲಿ ಯಾವ ದಿನಾಂಕದಂದು, ಯಾರಿಂದ ಬಂದದ್ದೆಂದು ಬರೆದಿದೆ ಎಂಬುದನ್ನು ತೋರಿಸಲು ಕೇಳಿ. ತಯಾರಕರ ಹೆಸರು, ಸಂಖ್ಯೆ ಮುಂತಾದ ಗುರುತುಗಳಿಲ್ಲದ ಕೋವಿಯನ್ನು ಮಾರುವುದನ್ನು 8ನೇ ಕಲಮು ನಿಷೇಧಿಸಿದೆ. ಆದ್ದರಿಂದ ಈ ಪ್ರಶ್ನೆ ಕೇಳಿದರೆ ಯಾವ ಪ್ರಾಮಾಣಿಕ ವರ್ತಕನೂ ಬೇಸರಪಡುವ ಕಾರಣವಿಲ್ಲ. ಒಂದು ವಾರದ ನಂತರ ಅವರು ಬಂದಾಗ ಮುಖ ಬಾಡಿತ್ತು. ಕೋವಿ ಬೇರೊಂದು ಹೋಬಳಿಯ, ತೀರಿಕೊಂಡ ಪರವಾನಗಿದಾರರದು. ಒಬ್ಬ ಮಗ ಮಾರಾಟಕ್ಕೆ ಒಪ್ಪಿ ಚೀಟಿ ಕೊಟ್ಟಿದ್ದ. ಇನ್ನಿಬ್ಬರಿಗೆ ಸಂಗತಿಯೇ ತಿಳಿದಿರಲಿಲ್ಲ.

ಕೊಂಡುಬಿಟ್ಟಿದ್ದರೆ ಏನಾಗುತ್ತಿತ್ತು? ವಾರಸುದಾರರ ವ್ಯಾಜ್ಯದಲ್ಲಿ ಇವರೂ ಒಬ್ಬ ಕಕ್ಷಿದಾರರಾಗುತ್ತಿದ್ದರು. ಕಾಗದ ಸರಿಯಿಲ್ಲವೆಂದು ಪರವಾನಗಿ ಪ್ರಾಧಿಕಾರ ಆ ಸಂಖ್ಯೆಯನ್ನು ಪರವಾನಗಿಯಲ್ಲಿ ನಮೂದಿಸಲು ಒಪ್ಪದಿದ್ದರೆ, ಹಣವೂ ಹೋಗಿ ಕೋವಿಯೂ ಇಲ್ಲದ ಸ್ಥಿತಿ. ನಮೂದಾಗದ ಕೋವಿ ಮನೆಯಲ್ಲಿ ಸಿಕ್ಕರೆ ಅದು ಪರವಾನಗಿಯಿಲ್ಲದ ಕೋವಿಯೇ. ಅದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ ಮತ್ತು ದಂಡ. 5ನೇ ಕಲಮನ್ನು ಮೀರಿ ಮಾರುವವನಿಗಂತೂ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಮೂರನೇ ಒಂದು ಭಾಗದ ರಿಯಾಯಿತಿಯನ್ನು ಈ ತಕ್ಕಡಿಯಲ್ಲಿಟ್ಟು ತೂಗಬೇಕು.

ಎರಡನೆಯ ಬಗೆಯ ಕೋವಿಯನ್ನು, ಎಂದರೆ ಸ್ವಂತಕ್ಕೆ ಇಟ್ಟುಕೊಂಡಿದ್ದನ್ನು, ಪರವಾನಗಿದಾರ ಅಂಗಡಿಯ ಮಧ್ಯಸ್ಥಿಕೆಯಿಲ್ಲದೆ ನೇರವಾಗಿಯೂ ಅರ್ಹರಿಗೆ ಮಾರಬಹುದು. ಆದರೆ ಕೊಳ್ಳುವವರ ಹೆಸರು, ವಿಳಾಸಗಳನ್ನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, 45 ದಿನ ಕಳೆದಿರಬೇಕು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 41ನೇ ಕಲಮಿನಡಿ ಪರವಾನಗಿಯಿಂದ ವಿನಾಯಿತಿ ಇದೆ. ಅದನ್ನು 2019ರಲ್ಲಿ ಹತ್ತು ವರ್ಷ ಮುಂದುವರಿಸಲಾಗಿದೆ. “ಕೊಡಗಿನ ಸ್ನೇಹಿತರು ಹೀಗೆ ಕೊಂಡರು” ಎಂಬ ಮಾತು ನಂಜನಗೂಡು, ತಿ. ನರಸೀಪುರದವರಿಗೆ ಅನ್ವಯಿಸದು.

ನಾಲ್ಕನೆಯ ಬಗೆಯದನ್ನು ಕಂಡು ಮೋಸಹೋಗುವವರು ಹೆಚ್ಚಾಗಿ ಹೋಟೆಲು, ರೆಸಾರ್ಟುಗಳ ಮಾಲೀಕರು. ಗೋಡೆಗೆ ತೂಗುಹಾಕಲು ಹಳೆಯ ಕೋವಿಯೊಂದಕ್ಕೆ ಪರವಾನಗಿ ಏಕೆ ಎಂದು ಕೇಳುತ್ತಾರೆ. 45ನೇ ಕಲಮಿನ ವಿನಾಯಿತಿ ಇರುವುದು ನಿಜ. ಆದರೆ ಅಲ್ಲಿಯ ಷರತ್ತನ್ನು ಓದಬೇಕು: ದುರಸ್ತಿ ಮಾಡಿಯೂ ಬಂದೂಕಿನಂತೆ ಬಳಸಲಾಗದ ಸ್ಥಿತಿಯಲ್ಲಿರಬೇಕು. ತುಕ್ಕು ಹಿಡಿದಿದೆ, ಕುದುರೆ ಮುರಿದಿದೆ ಎಂಬುದು ಸಾಲದು. ಕಮ್ಮಾರನೊಬ್ಬ ಸರಿಪಡಿಸಬಹುದಾದರೆ ಅದು ಬಂದೂಕೇ. ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅಡ್ಡ ಬರುತ್ತದೆ. ಹಕ್ಕಿ, ಕೋತಿಗಳನ್ನು ಬೆದರಿಸಲು ಮಾತ್ರ ಬೇಕಿದ್ದರೆ ಏರ್‌ಗನ್ ಸಾಕು. 2016ರ ನಿಯಮಗಳ ಪ್ರಕಾರ .177 ಬೋರನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಪರವಾನಗಿಯ ಕೋವಿಯಿದ್ದರೂ ಹಂದಿಯನ್ನು ಕೊಲ್ಲುವ ಅನುಮತಿ ಬೇರೆ, ಅದು ಅರಣ್ಯ ಇಲಾಖೆಯದು.

ಕಾಗದ ಸರಿಯಿದ್ದರೆ ಆಮೇಲೆ ಮಾಲಿನ ಮಾತು. ಈ ವ್ಯಾಪಾರದಲ್ಲಿ ಹಳೆಯದು ಎಂದರೆ ಅಗ್ಗ ಎಂಬ ಲೆಕ್ಕ ತಪ್ಪುತ್ತದೆ. 1980ರ ದಶಕದ ಮಧ್ಯಭಾಗದಿಂದ ಖಾಸಗಿ ಬಳಕೆಯ ಬಂದೂಕುಗಳ ಆಮದು ಹೆಚ್ಚುಕಡಿಮೆ ನಿಂತುದರಿಂದ, ವೆಬ್ಲಿ ಅಂಡ್ ಸ್ಕಾಟ್‌ನಂತಹ ಹಳೆಯ ಇಂಗ್ಲಿಷ್ ಕೋವಿಗಳು ಹೊಸ ದೇಶೀ ಕೋವಿಗಿಂತ ದುಬಾರಿಯಾದವು. ಹಾಗಿರುವಾಗ ಕಡಿಮೆ ಬೆಲೆಗೆ ಒಂದು ಕಾರಣ ಇದ್ದೇ ಇರುತ್ತದೆ. ದಿನಕ್ಕೆ ಹತ್ತು ಮಂದಿ ಮುರಿದು ಮಡಚಿ ನೋಡಿದ ಜೋಡಿ ನಳಿಗೆಯ ಕೋವಿಯ ಕೀಲು ಸಡಿಲವಾಗಿರಬಹುದು. ಬೆವರಿನ ಕೈ ತಾಗಿ ನಳಿಗೆಯ ನೀಲಿ ಬಣ್ಣ ಮಾಸಿ, ಒಳಗೆ ತುಕ್ಕಿನ ಗುಳಿ ಬಿದ್ದಿರಬಹುದು. ಮುಂದಿನ ಮರವನ್ನು ಬಿಚ್ಚಿ, ಖಾಲಿ ಕೋವಿಯನ್ನು ಮೆಲ್ಲಗೆ ಅಲುಗಾಡಿಸಿದರೆ ಕೀಲಿನ ಸದ್ದು ಕೇಳಿಸುತ್ತದೆ. ನಳಿಗೆಯನ್ನು ಬೇರ್ಪಡಿಸಿ ತೂಗಾಡಿಸಿ ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಮಂಕಾದ ಸದ್ದು ಬಂದರೆ ಬೆಸುಗೆ ಬಿಟ್ಟಿದೆಯೆಂದು ಸಂಶಯಪಡಬಹುದು. ಇದನ್ನು ನನಗೆ ಕಲಿಸಿದವರು ಹಿರಿಯ ಕಕ್ಷಿದಾರರೊಬ್ಬರು. ಲೆಕ್ಕಪತ್ರದವನಿಗೆ ಇದೇಕೆ ಎಂದು ಆಗ ನಕ್ಕಿದ್ದೆ.

ಇನ್ನು ಮಾರುವವರ ಕಡೆ. ಇದು ಕೋವಿಗೆ ಮಾತ್ರವಲ್ಲ, ಷೋರೂಮಿಟ್ಟ ಎಲ್ಲರಿಗೂ ಸಂಬಂಧಿಸಿದ್ದು. ಪ್ರದರ್ಶನಕ್ಕಿಟ್ಟ ಮಾಲು ದಾಸ್ತಾನೇ. ಮಾರ್ಚ್ 31ರಂದು ಲೆಕ್ಕಪತ್ರ ಮಾನಕ 2ರ ಪ್ರಕಾರ ಅದನ್ನು ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ಹಿಡಿಯಬೇಕು. ಹಲವರು ಪೂರ್ಣ ಅಸಲಿಗೇ ಹಿಡಿದು ಲಾಭ ಹೆಚ್ಚಿಸಿಕೊಂಡು ತೆರಿಗೆ ಕಟ್ಟುತ್ತಾರೆ. ಇನ್ನು ಕೆಲವರು ಒಂದೇ ಏಟಿಗೆ ಲೆಕ್ಕದಿಂದ ತೆಗೆದುಹಾಕುತ್ತಾರೆ; ಆಗ ಜಿಎಸ್‌ಟಿ ಕಾಯ್ದೆಯ 17(5)ರ ಪ್ರಕಾರ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ರಿಯಾಯಿತಿ ಕೊಡುವುದಾದರೆ ಇನ್‌ವಾಯ್ಸಿನಲ್ಲೇ ತೋರಿಸಿ. ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ. ಕೋವಿ ವರ್ತಕರು ಗಮನಿಸಬೇಕಾದ ಇನ್ನೊಂದು ಸಂಗತಿ: ರಿವಾಲ್ವರು, ಪಿಸ್ತೂಲುಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 40. ಹಳೆಯ ದರದ ಬೆಲೆಚೀಟಿ ಕಪಾಟಿನಲ್ಲಿ ಉಳಿದಿದ್ದರೆ ವ್ಯತ್ಯಾಸ ಅಂಗಡಿಯ ಜೇಬಿನಿಂದ ಹೋಗುತ್ತದೆ.

ಅಗ್ಗದ ಕಾರಣವನ್ನೂ ಬಿಲ್ಲಿನಲ್ಲೇ ಬರೆಯಿರಿ: ‘ಪ್ರದರ್ಶನಕ್ಕಿಟ್ಟ ಮಾಲು, ಹಿಡಿಯ ಮೇಲೆ ಗೀರು ಇದೆ’ ಎಂಬ ಒಂದು ಸಾಲು ಸಾಕು. ತಿಳಿಸಿದ ದೋಷಕ್ಕೆ ಗಿರಾಕಿ ತಕರಾರು ತೆಗೆಯುವುದು ಕಷ್ಟ. ತಿಳಿಸದ ದೋಷಕ್ಕೆ ‘ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಮೊಹರು ರಕ್ಷಣೆ ಕೊಡದು. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಗಿರಣಿ ಮಾಲೀಕರ ಮೂಲ ಪ್ರಶ್ನೆಗೆ ಉತ್ತರ: ಬೆಳೆ ರಕ್ಷಣೆಯ ಪರವಾನಗಿ ವ್ಯಕ್ತಿಯದು, ಬಿಲ್ಲೂ ಆ ವ್ಯಕ್ತಿಯ ಹೆಸರಿಗೇ ಇರಬೇಕು. ಮಿಲ್ಲಿನ ಹೆಸರಿಗೆ ಮಾಡಿಸಿದರೆ ಪರವಾನಗಿಗೂ ಬಿಲ್ಲಿಗೂ ತಾಳೆಯಾಗದು. ಸ್ವಂತ ಬಳಕೆಯ ವಸ್ತುವಿಗೆ ತೆರಿಗೆ ಜಮೆಯೂ ಸಿಗದು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ ಎಂದೂ ಹೇಳಿದೆ. ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಹೇಗೂ ನಿಷಿದ್ಧ, ಕಡಿಮೆಯಿದ್ದರೂ ಬ್ಯಾಂಕಿನ ದಾಖಲೆ ಒಳ್ಳೆಯ ಸಾಕ್ಷಿ.

ಮುಂಗಡ ಮರಳಿ ಬರಲು ನಾಲ್ಕು ತಿಂಗಳಾಯಿತು, ಅದೂ ಎರಡು ಕಂತಿನಲ್ಲಿ. ಬಳಿಕ ಅವರು ಬೇರೆಡೆ ಒಂಟಿ ನಳಿಗೆಯ ಹೊಸ ಕೋವಿಯೊಂದನ್ನು ಪೂರ್ಣ ಬೆಲೆಗೆ ಕೊಂಡರು. ಸಂಖ್ಯೆ ಪರವಾನಗಿಯಲ್ಲಿ ನಮೂದಾಗಿದೆ. ಮಿಲ್ಲಿನ ಪುಸ್ತಕದಲ್ಲಿ ಆ ಮೊತ್ತ ಮಾಲೀಕರ ಸ್ವಂತ ಖರ್ಚಿನ ಖಾತೆಗೆ ಹೋಗಿದೆ.