ನಿಮಗಿದು ಗೊತ್ತೆ? ದಾಖಲೆ ಪುಸ್ತಕದಿಂದ ಹೊರಗುಳಿದ ಆಟಗಾರ್ತಿಯರು

ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಯಾರು? ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಎಂಬುದು ಈಗಿನ ಸಿದ್ಧ ಉತ್ತರ. 2024ರಲ್ಲಿ ಕಾಲೇಜು ಆಟ ಮುಗಿಸಿದಾಗ ಅವರ ಖಾತೆಯಲ್ಲಿದ್ದದ್ದು 3,951 ಅಂಕ. ಆದರೆ 1979ರಲ್ಲೇ ಪರ್ಲ್ ಮೂರ್ 4,061 ಅಂಕ ಗಳಿಸಿದ್ದರು! ಹೆಚ್ಚಿನವು ಬಂದದ್ದು ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮರಿಯನ್ ಎಂಬ ಸಣ್ಣ ಕಾಲೇಜಿನ ಪರವಾಗಿ.

ಕ್ಯಾನ್ಸಸ್‌ನ ಲಿನೆಟ್ ವುಡಾರ್ಡ್ 1977–81ರ ನಡುವೆ 3,649 ಅಂಕ ಗಳಿಸಿದರು. ಆಗ ಮಹಿಳೆಯರೂ ಪುರುಷರ ದೊಡ್ಡ ಚೆಂಡಿನಲ್ಲೇ ಆಡಬೇಕಿತ್ತು. ಚಿಕ್ಕ ಚೆಂಡು ಬಂದದ್ದು 1984ರಲ್ಲಿ. ಮೂರು ಅಂಕದ ಗೆರೆಯೂ ಇರಲಿಲ್ಲ. ಎಷ್ಟೇ ದೂರದಿಂದ ಎಸೆದು ಬುಟ್ಟಿಗೆ ಹಾಕಿದರೂ ಸಿಗುತ್ತಿದ್ದುದು ಎರಡೇ ಅಂಕ. ಕ್ಲಾರ್ಕ್ ಹೆಸರಾದದ್ದೇ ಆ ಗೆರೆಯಾಚೆಯಿಂದ ಎಸೆಯುವುದಕ್ಕೆ.

ಹಾಗಿದ್ದರೂ ಮೂರ್, ವುಡಾರ್ಡ್ ಹೆಸರು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ದಾಖಲೆ ಪಟ್ಟಿಯಲ್ಲಿ ಇರಲಿಲ್ಲ. ಕಾರಣ, ಆ ಸಂಸ್ಥೆ ಮಹಿಳೆಯರಿಗೆ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಆರಂಭಿಸಿದ್ದೇ 1982ರಲ್ಲಿ. ಅದಕ್ಕೂ ಮುಂಚೆ ಟೂರ್ನಿ ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ ಮಹಿಳಾ ಕಾಲೇಜು ಕ್ರೀಡಾ ಸಂಸ್ಥೆ. ಅದರ ಮೊದಲ ಮೂರು ಪ್ರಶಸ್ತಿ (1972, 73, 74) ಗೆದ್ದ ಪೆನ್ಸಿಲ್ವೇನಿಯಾದ ಇಮ್ಯಾಕುಲಾಟಾ ಕಾಲೇಜಿನ ಹುಡುಗಿಯರು ಉಣ್ಣೆಯ ಟ್ಯೂನಿಕ್ ತೊಟ್ಟು ಆಡುತ್ತಿದ್ದರು. ಪ್ರಯಾಣದ ಖರ್ಚಿಗೆಂದು ಟೂತ್‌ಬ್ರಷ್ ಮಾರಿದ್ದರು. ಕಾಲೇಜಿನ ಕ್ರೈಸ್ತ ಸನ್ಯಾಸಿನಿಯರು ಗ್ಯಾಲರಿಯಲ್ಲಿ ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು.

ಈಗ ಕಾಲ ಬದಲಾಗಿದೆ: 2024ರ ಎನ್‌ಸಿಎಎ ಮಹಿಳಾ ಫೈನಲ್ ಅನ್ನು ಟಿವಿಯಲ್ಲಿ ನೋಡಿದವರು ಸರಾಸರಿ 1.89 ಕೋಟಿ ಜನ. ಆ ವರ್ಷದ ಪುರುಷರ ಫೈನಲ್‌ಗೂ ಅಷ್ಟು ವೀಕ್ಷಕರಿರಲಿಲ್ಲ.